ಫಿನಾಯ್ಲಪ್ಪನನ್ನು ಬರೆದ ಮೇಷ್ಟ್ರು

ಮೇಷ್ಟ್ರ ಸ್ಮರಣ ಸಂಚಿಕೆಗೆ ಮೂರು ಪುಟ ಕಡಿಮೆ ಬಿದ್ದಿದೆ. ಅಚ್ಚಿನಲ್ಲಿ ಹದಿನಾರು ಪುಟಕ್ಕೊಂದು ಫಾರಂ, ಅದು ಪೂರ್ತಿ ತುಂಬದಿದ್ದರೆ ಕೊನೆಯಲ್ಲಿ ಖಾಲಿ ಹಾಳೆ ಬಿಡಬೇಕು, ಅದು ನೋಡಲು ಚೆನ್ನಾಗಿರುವುದಿಲ್ಲ. ನಿನ್ನೆ ಸಂಪಾದಕರು ನಾನು ಕೆಲಸ ಮಾಡುವ ಪ್ರೆಸ್ಸಿಗೆ ಬಂದು, ನನ್ನ ಕಂಪ್ಯೂಟರಿನ ಹಿಂದೆ ನಿಂತು ಸ್ವಲ್ಪ ಹೊತ್ತು ಪುಟ ಎಣಿಸಿದರು. ಆಮೇಲೆ, "ನೀವೂ ಅವರ ಸ್ಟೂಡೆಂಟ್ ಅಲ್ವೇನ್ರೀ? ನೀವೇ ಒಂದ್ ಮೂರು ಪುಟ ಬರೆದ್ಕೊಟ್ಬಿಡಿ. ನಾಲ್ಕು ಒಳ್ಳೆ ಮಾತು ಸಾಕು" ಎಂದರು. ಬರೆಯುವವಳೂ ನಾನೇ, ಟೈಪು ಮಾಡುವವಳೂ ನಾನೇ ಆದರೆ ಅವರಿಗೆ ಓಡಾಟ ತಪ್ಪುತ್ತದೆ.

ಸಂಚಿಕೆಯ ಉಳಿದ ಲೇಖನಗಳೆಲ್ಲ ನನ್ನ ಕೈಯಲ್ಲೇ ಟೈಪಾಗಿವೆ. ಒಬ್ಬರು ಮೇಷ್ಟ್ರನ್ನು ನಗೆಯ ಗಣಿ ಎಂದಿದ್ದಾರೆ, ಇನ್ನೊಬ್ಬರು ಸಾವಿನ ಮನೆಯಲ್ಲೂ ನಗುವಿನ ದೀಪ ಹಚ್ಚಿದವರು ಎಂದಿದ್ದಾರೆ. ಎಲ್ಲರೂ ಅವರು ಟೀವಿಗೆ ಬರೆದ ಆ ಹಾಸ್ಯ ಧಾರಾವಾಹಿಯನ್ನು ನೆನೆದಿದ್ದಾರೆ. ಆ ಸಾವಿನ ಮನೆ ಯಾರದು, ಅಲ್ಲಿ ನೆಲ ಒರೆಸುತ್ತಿದ್ದವನು ಯಾರು ಎಂದು ಒಬ್ಬರೂ ಕೇಳಿಲ್ಲ. ನಾನು ಒಂದು ಕಾಮಾ ಕೂಡ ಆಚೀಚೆ ಮಾಡದೆ ಎಲ್ಲವನ್ನೂ ಟೈಪು ಮಾಡಿ ಮುಗಿಸಿದ್ದೇನೆ.

ನಾಲ್ಕು ಒಳ್ಳೆಯ ಮಾತು. ಇರಲಿ, ಅಲ್ಲಿಂದಲೇ ಶುರು ಮಾಡುತ್ತೇನೆ. ಮೇಷ್ಟ್ರ ಬಗ್ಗೆ ಒಳ್ಳೆಯ ಮಾತಿಗೆ ನನ್ನಲ್ಲಿ ಕೊರತೆಯಿಲ್ಲ, ನನ್ನ ಕಷ್ಟವೇ ಅದು.

ತೊಂಬತ್ತರ ದಶಕದ ನಡುವೆ ಅವರು ನಮಗೆ ಹೈಸ್ಕೂಲಿನಲ್ಲಿ ಕನ್ನಡ ಹೇಳಿಕೊಡುತ್ತಿದ್ದರು. ಮೈಸೂರಿನ ಅಂಚಿನಲ್ಲಿರುವ ನಮ್ಮ ಹಿನಕಲ್ ಆಗ ಇನ್ನೂ ಪೂರ್ತಿ ಊರೂ ಅಲ್ಲ, ಪೂರ್ತಿ ಪೇಟೆಯೂ ಅಲ್ಲ ಎನ್ನುವ ಹಾಗಿತ್ತು. ಮೇಷ್ಟ್ರು ಗೋಕುಲಂನಿಂದ ಮೊಪೆಡ್ಡಿನಲ್ಲಿ ಬರುತ್ತಿದ್ದರು. ಹಣೆಯಲ್ಲಿ ತೆಳುವಾದ ವಿಭೂತಿ, ಇಸ್ತ್ರಿ ಮಾಡಿದ ಬಿಳಿ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಸಂಜೆ ಹೊತ್ತು ಹವ್ಯಾಸಿ ತಂಡಗಳಿಗೆ ನಾಟಕ ಬರೆದುಕೊಡುತ್ತಿದ್ದರಂತೆ. ತರಗತಿಯಲ್ಲಿ ಅವರು ಪಾಠ ಓದಿದರೆ ಹಿಂದಿನ ಬೆಂಚಿನವರೂ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು.

ಆದರೆ ಓದುವುದಕ್ಕಿಂತ ಹೆಚ್ಚು ಚೆನ್ನಾಗಿ ಅವರು ಕೇಳಿಸಿಕೊಳ್ಳುತ್ತಿದ್ದರು. ಯಾರು ಏನೇ ಹೇಳಲಿ, ಕಣ್ಣು ಮುಚ್ಚಿ ತಲೆ ಸ್ವಲ್ಪ ವಾಲಿಸಿ ಕೂರುತ್ತಿದ್ದರು. ಬಲಗೈ ಹೆಬ್ಬೆರಳು ಉಳಿದ ಬೆರಳುಗಳ ಗೆಣ್ಣಿನ ಮೇಲೆ ಒಂದೊಂದಾಗಿ ಸರಿಯುತ್ತಿತ್ತು. ಜಪ ಮಾಡುತ್ತಾರೆ ಎಂದೇ ನಾವು ತಿಳಿದಿದ್ದೆವು. ನಾವು ಮಾತು ನಿಲ್ಲಿಸಿದರೆ ಕಣ್ಣು ತೆರೆಯದೆಯೇ "ಆಮೇಲೆ?" ಎನ್ನುತ್ತಿದ್ದರು. ಆ "ಆಮೇಲೆ?"ಯಲ್ಲಿ ಎಂಥ ಮೂಕನನ್ನೂ ಮಾತಾಡಿಸುವ ಶಕ್ತಿಯಿತ್ತು. ಶಾಲೆಯ ಜವಾನ, ಹಾಲಿನವಳು, ಬಸ್ ಕಂಡಕ್ಟರು, ಎಲ್ಲರೂ ಅವರ ಮುಂದೆ ನಿಂತು ತಮ್ಮ ಮನೆಯ ವಿಷಯ ಹೇಳಿಕೊಳ್ಳುತ್ತಿದ್ದುದನ್ನು ನಾನೇ ನೋಡಿದ್ದೇನೆ.

ಒಂದು ದಿನ ಹಾಜರಿ ಪುಸ್ತಕದಲ್ಲಿ ತಂದೆಯ ಕಸುಬು ಬರೆದುಕೊಳ್ಳುತ್ತಿದ್ದರು. ನಾನು ಕೂಲಿ ಎಂದೆ.

"ಯಾವ ಕೂಲಿನಮ್ಮ?"

"ಸುಣ್ಣ ಬಳಿಯೋದು ಸಾರ್. ಆಮೇಲೆ... ಸತ್ತೋರ ರೂಮು ತೊಳೆಯೋದು."

ಇಡೀ ತರಗತಿ ಗೊಳ್ಳೆಂದಿತು. ಮೇಷ್ಟ್ರು ಡಸ್ಟರನ್ನು ಮೇಜಿಗೆ ಒಮ್ಮೆ ಕುಟ್ಟಿದರು. "ನಗೋರು ಯಾರಿದ್ದೀರೋ ಎದ್ದು ಆಚೆ ಹೋಗಿ" ಎಂದರು. ಒಬ್ಬರೂ ಏಳಲಿಲ್ಲ, ಒಬ್ಬರೂ ನಗಲಿಲ್ಲ. ಅವತ್ತು ನನ್ನ ಪಾಲಿಗೆ ಮೇಷ್ಟ್ರು ದೇವರಾಗಿಬಿಟ್ಟರು. ಅವರ ಮೇಲೆ ನನಗಿರುವ ಸಿಟ್ಟು ಎಷ್ಟು ದೊಡ್ಡದು ಎಂದು ತಿಳಿಯಬೇಕಾದರೆ ಆ ಡಸ್ಟರಿನ ಸದ್ದು ಎಷ್ಟು ದೊಡ್ಡದಿತ್ತು ಎಂಬುದೂ ತಿಳಿದಿರಬೇಕು.

ಅಪ್ಪನ ಕೆಲಸದ ಬಗ್ಗೆ ಎರಡು ಮಾತು ಹೇಳದೆ ಮುಂದೆ ಹೋಗುವಂತಿಲ್ಲ. ನಾವು ನಂಜನಗೂಡು ಕಡೆಯ ಹಳ್ಳಿಯಿಂದ ಬಂದವರು. ಮನೆಯ ಗೋಡೆಯ ಮೇಲೆ ಬುದ್ಧನ ಪಟ ಇತ್ತು, ಇನ್ನೂ ಇದೆ. ಅಪ್ಪ ಸುಣ್ಣಬಣ್ಣದ ಕೆಲಸಕ್ಕೆ ಹೋಗುತ್ತಿದ್ದ. ಒಮ್ಮೆ ಗೋಕುಲಂನ ಒಂದು ಮನೆಯಿಂದ ಮಹಡಿಯ ಕೋಣೆಗೆ ಸುಣ್ಣ ಹೊಡೆಯಬೇಕೆಂದು ಕರೆ ಬಂತು. ಬಾಡಿಗೆಗಿದ್ದ ಒಬ್ಬ ಯುವಕ ಅಲ್ಲಿ ಕೈ ಕುಯ್ದುಕೊಂಡು ಸತ್ತಿದ್ದ. ಪೊಲೀಸರು ಬಂದು ಹೋಗಿದ್ದರು, ಹೆಣ ಸಾಗಿಸಿದ್ದರು, ಉಳಿದದ್ದು ಉಳಿದಂತೆಯೇ ಇತ್ತು. ಮನೆಯವರು ಅಪ್ಪನಿಗೆ ಏನನ್ನೂ ಹೇಳದೆ ಕೀಲಿಕೈ ಕೊಟ್ಟು ಕಳಿಸಿದ್ದರು.

ಅಪ್ಪ ಬಾಗಿಲು ತೆರೆದವನು ಹಾಗೇ ಮುಚ್ಚಿ, ಮೆಟ್ಟಿಲ ಮೇಲೆ ಕೂತು ಒಂದು ಬೀಡಿ ಸೇದಿದ. ಆಮೇಲೆ ಬಕೆಟ್ಟು, ಸೋಪಿನ ಪುಡಿ, ಫಿನಾಯಿಲು ಕೇಳಿದ. ರಕ್ತಕ್ಕೆ ಬಿಸಿನೀರು ಹಾಕಿದರೆ ಕಲೆ ಕಚ್ಚಿಕೊಳ್ಳುತ್ತದೆ, ತಣ್ಣೀರೇ ಆಗಬೇಕು ಎಂಬುದೆಲ್ಲ ಅವನು ಅವತ್ತು ಕೈಯಾರೆ ಕಲಿತದ್ದು. ನೆಲ ತೊಳೆದು, ಗೋಡೆಗೆ ಮೂರು ಸಲ ಸುಣ್ಣ ಹೊಡೆದು ಮುಗಿಸುವಾಗ ಮೂರನೇ ದಿನ ಸಂಜೆ. ಬಾಯಾರಿತ್ತು. ಕೆಳಗೆ ನಿಂತಿದ್ದ ಮನೆಯೊಡತಿಯನ್ನು ಕೂಗಿ ಒಂದು ಲೋಟ ಕಾಫಿ ಕೇಳಿದ.

"ಕೆಳಗೆ ಬನ್ನಿ, ಕೊಡ್ತೀನಿ" ಎಂದರು ಆಕೆ.

"ಮೈಯೆಲ್ಲಾ ಸುಣ್ಣ ಆಗದೆ ಕಣ್ರಮ್ಮ. ನೀವೇ ತತ್ತನ್ನಿ" ಎಂದ ಅಪ್ಪ.

ಆ ಸಾವಾದಂದಿನಿಂದ ಮನೆಯ ಯಾರೂ ಮಹಡಿ ಹತ್ತಿರಲಿಲ್ಲ. ಆಕೆ ಲೋಟ ಹಿಡಿದು ಒಂದೊಂದೇ ಮೆಟ್ಟಿಲು ಹತ್ತಿ ಬಂದು ಬಾಗಿಲಲ್ಲಿ ನಿಂತರು. ಅಪ್ಪ ಒಳಗೆ ನೆಲದ ಮೇಲೆ ಕೂತಿದ್ದ, ಏಳಲಿಲ್ಲ. ಆಕೆ ಒಳಗೆ ಬಂದು ಲೋಟ ಕೊಟ್ಟು, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಸ್ವಲ್ಪ ಹೊತ್ತು ಅತ್ತರು. ಅಪ್ಪ ಕಾಫಿ ಕುಡಿದು ಮುಗಿಸುವಷ್ಟರಲ್ಲಿ ಕಣ್ಣೊರೆಸಿಕೊಂಡು ಸುತ್ತ ನೋಡಿ, "ಆ ಮೂಲೇಲಿ ಇನ್ನೊಂದ್ ಸಲ ಸುಣ್ಣ ಹೊಡೀಬೇಕಿತ್ತಲ್ಲ" ಎಂದರಂತೆ. ಮನೆ ಮತ್ತೆ ಮನೆಯಾಯಿತು ಎಂದು ಅಪ್ಪನಿಗೆ ಆಗ ಗೊತ್ತಾಯಿತು.

ಅಂದಿನಿಂದ ಅದೇ ಅವನ ಪದ್ಧತಿ. ಒಬ್ಬರಿಂದ ಒಬ್ಬರಿಗೆ ಸುದ್ದಿ ಹೋಗಿ ಅಂಥ ಕೆಲಸಗಳು ಬರತೊಡಗಿದವು. ಕೊಲೆಯಾದ ಮನೆ, ನೇಣು ಹಾಕಿಕೊಂಡ ಕೋಣೆ, ಲಾಡ್ಜಿನ ರೂಮು. ಎಲ್ಲಿಯೇ ಆಗಲಿ ಕೆಲಸ ಮುಗಿದ ಮೇಲೆ ಆ ಕೋಣೆಯ ನಡುವೆ ಕೂತು ಮನೆಯವರನ್ನು ಕಾಫಿ ಕೇಳುತ್ತಿದ್ದ. "ತೊಳ್ದುಬುಟ್ರೆ ಕೆಲ್ಸ ಮುಗ್ಯಕಿಲ್ಲ ಕಣವ್ವ. ಅವ್ರು ಒಳೀಕ್ ಕಾಲಿಡಕ್ಕೆ ಎದ್ರುತಾರೆ. ಬನ್ನಿ ಅಂದ್ರೆ ಬರಾಕಿಲ್ಲ. ಕಾಫಿ ಕೇಳುದ್ರೆ ಯಾರಾರಾ ಒಬ್ರು ತಕ್ಕೊಂಡ್ ಬರ್ಲೇಬೇಕಲ್ಲ. ಒಂದ್ ಸಲ ಬಂದ್ರೆ ಮುಗೀತು" ಎಂದು ನನಗೆ ಹೇಳಿದ್ದ. ಈ ಗುಟ್ಟು ಮನೆಯವರಿಗೆ ಗೊತ್ತಾದರೆ ಕೆಲಸ ಕೆಡುತ್ತದೆ ಎಂದು ಬೇರೆ ಯಾರಿಗೂ ಹೇಳಿರಲಿಲ್ಲ, ಅವ್ವನಿಗೂ ಸಹ. ನಮ್ಮಂಥವರಿಗೆ ತಮ್ಮ ಮನೆಯ ಲೋಟ ಕೊಡಲು ಹಿಂದೆಮುಂದೆ ನೋಡುವವರೂ ಇದ್ದರು. ಆದರೂ ಅಪ್ಪ ಕೇಳುತ್ತಿದ್ದ, ಅವರು ತರುತ್ತಿದ್ದರು.

ನನಗೆ ಇದನ್ನು ಯಾಕೆ ಹೇಳಿದ ಎಂದರೆ, ನಾನು ಕೇಳಿದೆ. ನಾನು ಯಾಕೆ ಕೇಳಿದೆ ಎಂದರೆ, ಮೇಷ್ಟ್ರು ಕೇಳಲು ಹೇಳಿದ್ದರು.

ಹಾಜರಿ ಪುಸ್ತಕದ ಪ್ರಸಂಗವಾದ ಮೇಲೆ ಅವರು ನನಗೆ ಇನ್ನೂರು ಪುಟದ ಒಂದು ನೋಟ್‌ಬುಕ್ ಕೊಟ್ಟು, "ನಿಮ್ಮಪ್ಪನ ಕೆಲಸದ ಬಗ್ಗೆ ಬರಿ. ಅಲಂಕಾರ ಬೇಡ, ನಡೆದದ್ದು ನಡೆದ ಹಾಗೆ" ಎಂದರು. ವಾರಕ್ಕೊಂದು ಚೀಟಿಯಲ್ಲಿ ಪ್ರಶ್ನೆಗಳನ್ನು ಬರೆದುಕೊಡುತ್ತಿದ್ದರು. ಬಾಗಿಲು ತೆರೆದಾಗ ಮೊದಲು ಏನು ನೋಡುತ್ತಾರೆ? ವಾಸನೆ ಹೇಗೆ ಹೋಗುತ್ತದೆ? ಕೆಲಸ ಮುಗಿದ ಮೇಲೆ ತಕ್ಷಣ ಮನೆಗೆ ಯಾಕೆ ಬರುವುದಿಲ್ಲ? ಅಪ್ಪ ಸಂಜೆ ಸ್ನಾನ ಮಾಡಿ ಜಗುಲಿಯ ಮೇಲೆ ಕೂತಾಗ ನಾನು ಚೀಟಿಯ ಪ್ರಶ್ನೆಗಳನ್ನು ನನ್ನವೇ ಎನ್ನುವ ಹಾಗೆ ಒಂದೊಂದಾಗಿ ಕೇಳುತ್ತಿದ್ದೆ. ಮನೆಯಲ್ಲಿ ಹೂಂ, ಊಹೂಂ ಬಿಟ್ಟು ಮಾತಾಡದ ಮನುಷ್ಯ ನಿಧಾನವಾಗಿ ಮಾತಾಡತೊಡಗಿದ. ಮಗಳು ದೊಡ್ಡವಳಾದಳು, ತನ್ನ ಕಷ್ಟ ವಿಚಾರಿಸುತ್ತಾಳೆ ಎಂದು ಅವನಿಗೆ ಹಿಗ್ಗು. ಸಾರಿಗೆ ಉಪ್ಪು ಜಾಸ್ತಿಯಾದರೂ ಆ ದಿನಗಳಲ್ಲಿ ಅವ್ವನ ಮೇಲೆ ರೇಗುತ್ತಿರಲಿಲ್ಲ.

ಮೇಷ್ಟ್ರು ನಾನು ಬರೆದದ್ದನ್ನು ಕೆಂಪು ಪೆನ್ನಿನಲ್ಲಿ ತಿದ್ದುತ್ತಿದ್ದರು. ಎಲ್ಲಿ ನಿಲ್ಲಿಸಬೇಕು, ಯಾವ ಮಾತನ್ನು ಹೇಳದೆ ಬಿಡಬೇಕು ಎಂದು ಹೇಳಿಕೊಟ್ಟವರೇ ಅವರು. ಕಾಫಿಯ ವಿಷಯ ಬರೆದುಕೊಂಡು ಹೋದ ದಿನ ಮಾತ್ರ ಕೆಂಪು ಗೆರೆ ಎಳೆಯಲಿಲ್ಲ. ಎರಡು ಸಲ ಓದಿ, ಕನ್ನಡಕ ತೆಗೆದು, "ಇದನ್ನ ಯಾರಿಗೂ ತೋರಿಸಬೇಡಮ್ಮ. ಇದು ಅಪರೂಪದ್ದು. ನನ್ನ ಹತ್ರ ಇರಲಿ, ಭದ್ರವಾಗಿರ್ತದೆ" ಎಂದು ನೋಟ್‌ಬುಕ್ಕನ್ನು ತಮ್ಮ ಚೀಲಕ್ಕೆ ಹಾಕಿಕೊಂಡರು. ನಾನು ಹೆಮ್ಮೆಯಿಂದ ಮನೆವರೆಗೆ ಓಡಿಕೊಂಡು ಬಂದೆ.

ಅವರು ನಮ್ಮ ಮನೆಗೂ ಬಂದಿದ್ದಾರೆ. ಹತ್ತನೇ ತರಗತಿ ಮುಗಿದ ಕೂಡಲೇ ಅವ್ವ ನನ್ನನ್ನು ಅಗರಬತ್ತಿ ಹೊಸೆಯಲು ಕಳಿಸುವವಳಿದ್ದಳು. ಮೇಷ್ಟ್ರು ಮನೆಗೆ ಬಂದು ಚಾಪೆಯ ಮೇಲೆ ಕೂತು, "ಈ ಹುಡುಗಿ ಓದಬೇಕು ತಾಯಿ. ಬೇಡ ಅಂದ್ರೆ ನಾನು ಇಲ್ಲಿಂದ ಏಳಲ್ಲ" ಎಂದರು. ಊಟದ ಹೊತ್ತಾಯಿತು. ಅವ್ವ ಹೆದರಿ ಹೆದರಿ ಮುದ್ದೆ, ಸೊಪ್ಪಿನ ಸಾರು ಇಟ್ಟಳು. ಮೇಷ್ಟ್ರು ಉಂಡು ಎರಡನೇ ಸಲ ಸಾರು ಹಾಕಿಸಿಕೊಂಡರು. ಅವರ ಬೀದಿಯ ಮನುಷ್ಯ ನಮ್ಮ ಬೀದಿಯಲ್ಲಿ ಕೂತು ಉಂಡದ್ದನ್ನು ಅವ್ವ ವರ್ಷಗಟ್ಟಲೆ ಎಲ್ಲರಿಗೂ ಹೇಳಿದಳು. ಕಾಲೇಜಿನ ಅರ್ಜಿ ತುಂಬಿ, ಕೌಂಟರಿನ ಮುಂದೆ ನನ್ನ ಪಕ್ಕ ನಿಂತು ಸೀಟು ಕೊಡಿಸಿದವರೂ ಅವರೇ. ಇವತ್ತು ನಾನು ಪ್ರೆಸ್ಸಿನಲ್ಲಿ ಕೂತು ಕನ್ನಡ ಟೈಪು ಮಾಡಿ ಅನ್ನ ತಿನ್ನುತ್ತಿದ್ದರೆ ಅದು ಅವರಿಂದ. ಒಳ್ಳೆಯ ಮಾತು ನಾಲ್ಕಕ್ಕಿಂತ ಜಾಸ್ತಿಯೇ ಆಯಿತು.

ಎರಡು ಸಾವಿರದ ಇಸವಿ ಕಳೆದು ಮೂರ್ನಾಲ್ಕು ವರ್ಷವಾಗಿತ್ತು. ಮೇಷ್ಟ್ರು ರಿಟೈರಾಗಿದ್ದರು. ಒಂದು ದಿನ ಅವರೇ ಪ್ರೆಸ್ಸಿಗೆ ಬಂದು ಪೇಡ ಕೊಟ್ಟು, "ಟೀವಿಗೆ ಒಂದು ಹಾಸ್ಯ ಧಾರಾವಾಹಿ ಬರೀತಿದೀನಮ್ಮ. ಭಾನುವಾರ ಸಂಜೆ. ನಿಮ್ಮಪ್ಪನಿಗೂ ನೋಡಕ್ಕೆ ಹೇಳು" ಎಂದರು. ವಿಷಯ ಏನೆಂದು ಕೇಳಿದರೆ, "ನೋಡು, ನಿಂಗೇ ಗೊತ್ತಾಗ್ತದೆ" ಎಂದು ನಕ್ಕರು. ಅಪ್ಪ ಭಾನುವಾರ ಬೇಗ ಸ್ನಾನ ಮಾಡಿ, ಹೊಸ ಅಂಗಿ ಹಾಕಿ ಟೀವಿ ಮುಂದೆ ಕೂತ.

ನಾಯಕನ ಹೆಸರು ಫಿನಾಯ್ಲಪ್ಪ. ಕೊಲೆ, ಆತ್ಮಹತ್ಯೆ ಆದ ಮನೆಗಳನ್ನು ತೊಳೆಯುವವನು. ವಾರಕ್ಕೊಂದು ಮನೆ, ವಾರಕ್ಕೊಂದು ಸಾವು. ಹೊಟ್ಟೆ ದಪ್ಪನೆಯ ಒಬ್ಬ ಕಾನ್‌ಸ್ಟೇಬಲ್ ಹೆಣ ಕಂಡರೆ ಮೂರ್ಛೆ ಹೋಗುತ್ತಾನೆ. ಫಿನಾಯ್ಲಪ್ಪ ಬಕೆಟ್ಟಿಗೆ ಎಡವಿ ಬಿದ್ದು, ಬಿದ್ದ ಜಾಗದಲ್ಲೇ ಕೊಲೆಗಾರನ ಅಂಗಿಯ ಗುಂಡಿ ಪತ್ತೆ ಹಚ್ಚುತ್ತಾನೆ. ಪ್ರತಿ ಮಾತಿಗೂ ಹಿಂದಿನಿಂದ ರೆಕಾರ್ಡು ಮಾಡಿದ ನಗು. ಮೊದಲ ಹತ್ತು ನಿಮಿಷ ಅಪ್ಪನೂ ನಕ್ಕ. "ಆ ಬ್ರಶ್ಶು ಇಡ್ಕಂಡಿರಾದ್ ನೋಡು! ಅಂಗ್ ತಿಕ್ಕುದ್ರೆ ಎಲ್ ಓದದು ಕಲೆ?" ಎಂದು ತೊಡೆ ತಟ್ಟಿಕೊಂಡ.

ಕೊನೆಗೆ ಫಿನಾಯ್ಲಪ್ಪ ತೊಳೆದ ಕೋಣೆಯ ನಡುವೆ ಚಕ್ಕಳಮಕ್ಕಳ ಹಾಕಿ ಕೂತು, ಕ್ಯಾಮೆರಾ ಕಡೆ ಕಣ್ಣು ಹೊಡೆದು, "ಕೆಲ್ಸ ಮುಗೀತು, ಕಾಫಿ ಎಲ್ಲಿ?" ಎಂದ. ಮನೆಯ ಹೆಂಗಸರು ಕಾಫಿಪುಡಿ ಡಬ್ಬ ಬಚ್ಚಿಡಲು ಓಡಾಡಿದರು. ನಗು. ಅವನು ಅಡುಗೆಮನೆವರೆಗೆ ಮೂಸಿಕೊಂಡು ಹೋದ. ಮತ್ತೆ ನಗು. ಕಾಫಿಗೆ ಬಾಯಿ ಬಿಡುವ ಹೊಟ್ಟೆಬಾಕನಂತೆ ಅವನನ್ನು ತೋರಿಸಿದ್ದರು.

ಅಪ್ಪ ನಗು ನಿಲ್ಲಿಸಿದ್ದ. ಜಾಹೀರಾತು ಬಂದಾಗ, "ಕಾಫಿ ವಿಸ್ಯ ಮೇಷ್ಟ್ರುಗೆ ಯಾರೇಳುದ್ರು?" ಎಂದು ಕೇಳಿದ.

"ನಂಗೊತ್ತಿಲ್ಲ ಅಪ್ಪ" ಎಂದೆ.

ಅವನು ಒಪ್ಪಿದ. ಅನುಮಾನದಿಂದ ನನ್ನ ಕಡೆ ತಿರುಗಿಯೂ ನೋಡಲಿಲ್ಲ. "ಓದ್ಕಂಡೋರು. ನನ್ ನೋಡೇ ತಿಳ್ಕಂಬುಟ್ಟವ್ರೆ. ನಾನಂತೂ ಆಚೆಯೋರ್ಗೆ ಒಬ್ರುಗೂ ಏಳಿಲ್ಲ" ಎಂದ. ಆ ಮಾತಿನಲ್ಲಿ ಮೇಷ್ಟ್ರ ಮೇಲೆ ಮೆಚ್ಚುಗೆಯೇ ಇತ್ತು. ನನಗೆ ನೆಲ ಬಿರಿದು ಬಾಯಿಬಿಡಬಾರದೇ ಅನ್ನಿಸಿತು.

ಧಾರಾವಾಹಿ ಗೆದ್ದಿತು. ಅಂಗಡಿ, ಬಸ್ಸು, ಮದುವೆಮನೆ, ಎಲ್ಲೆಲ್ಲೂ ಕೆಲಸ ಮುಗಿಸಿದವರೆಲ್ಲ "ಕಾಫಿ ಎಲ್ಲಿ?" ಎನ್ನುವವರೇ. ನಮ್ಮ ಬೀದಿಯಲ್ಲಿ ಅಪ್ಪನ ಹೆಸರು ಹೋಗಿ ಫಿನಾಯ್ಲಪ್ಪನೇ ನಿಂತಿತು. ನಾಲ್ಕನೆಯದೋ ಐದನೆಯದೋ ವಾರ ಒಂದು ದೊಡ್ಡ ಮನೆಯವರು ಫಿನಾಯ್ಲಪ್ಪನಿಗೆ ನಾಯಿಯ ಬಟ್ಟಲಲ್ಲಿ ಕಾಫಿ ಕೊಡುತ್ತಾರೆ. ಅವನು ಅದನ್ನೆತ್ತಿ ಗಟಗಟ ಕುಡಿದು ಮೀಸೆ ಒರೆಸಿಕೊಂಡು, "ಸಕ್ರೆ ಕಮ್ಮಿ" ಎನ್ನುತ್ತಾನೆ. ಆ ವಾರದ ನಗು ಎಲ್ಲಕ್ಕಿಂತ ದೊಡ್ಡದು. ಅವ್ವ ಎದ್ದು ಟೀವಿ ಆರಿಸಿದಳು. ಮಗಳ ಮೇಷ್ಟ್ರು ಬಂದು ಉಂಡು ಹೋಗಿದ್ದ ಮನೆ ನಮ್ಮದು.

ಅದೇ ಸಮಯಕ್ಕೆ ದಟ್ಟಗಳ್ಳಿಯ ಒಂದು ಹೊಸ ಮನೆಯಿಂದ ಅಪ್ಪನಿಗೆ ಕರೆ ಬಂದಿತ್ತು. ಆ ಮನೆಯ ಸೊಸೆ ಕೋಣೆಯಲ್ಲಿ ಜೀವ ಕಳೆದುಕೊಂಡಿದ್ದಳು. ಗಂಡ ಹೊರಗೆ ಗೇಟಿನ ಬಳಿ ಕುರ್ಚಿ ಹಾಕಿ ಕೂತವನು ಒಳಗೆ ಬಂದೇ ಇರಲಿಲ್ಲವಂತೆ. ಅಪ್ಪ ಎರಡು ದಿನ ತೊಳೆದು, ಬಣ್ಣ ಹೊಡೆದು, ನೆಲದ ಮೇಲೆ ಕೂತ. ಅವನ ಲೆಕ್ಕದಲ್ಲಿ ಆ ಗಂಡನೇ ಕಾಫಿ ತರಬೇಕಿತ್ತು. ಅವನ ಹೆಸರು ಹಿಡಿದು ಕರೆದು, "ಒಂದ್ ಲೋಟ ಕಾಫಿ ಸಿಕ್ಕದಾ ಸ್ವಾಮಿ?" ಎಂದ.

ಹಜಾರದಲ್ಲಿದ್ದ ನೆಂಟರು ಒಬ್ಬರ ಮುಖ ಒಬ್ಬರು ನೋಡಿದರು. ಒಬ್ಬ ಪಕ್ಕೆಂದು ನಕ್ಕು, "ಲೋ, ಥೇಟ್ ಫಿನಾಯ್ಲಪ್ಪನೇ ಕಣೋ! ಕಾಫಿ ಬೇಕಂತೆ!" ಎಂದ. ಸಾವಿನ ಮನೆಯಲ್ಲಿ ನಗು ತಡೆಯಲಾಗದೆ ನಾಲ್ಕಾರು ಜನ ಹೊರಗೆ ಓಡಿದರು. ಮೂಲೆಯ ಹೋಟೆಲಿನಿಂದ ಪ್ಲಾಸ್ಟಿಕ್ ಲೋಟದಲ್ಲಿ ಕಾಫಿ ತರಿಸಿ ಕಾಂಪೌಂಡಿನ ಗೋಡೆಯ ಮೇಲಿಟ್ಟು, "ಹೋಗ್ತಾ ತಗೊಂಡ್ ಹೋಗಪ್ಪ" ಎಂದರು. ಆ ಗಂಡ ಕೂತಲ್ಲಿಂದ ಏಳಲಿಲ್ಲ. ಕೆಲವು ತಿಂಗಳ ಮೇಲೆ ಅಪ್ಪ ಬೇರೆ ಕೆಲಸಕ್ಕೆ ಆ ಬೀದಿಗೆ ಹೋದಾಗ ಆ ಮನೆಗೆ ಬೀಗ ಬಿದ್ದಿತ್ತಂತೆ.

ಇದನ್ನೆಲ್ಲ ಕೇಳಿದ ಮಾರನೆಯ ದಿನ ನಾನು ಗೋಕುಲಂಗೆ ಮೇಷ್ಟ್ರ ಮನೆಗೆ ಹೋದೆ. ದಾರಿಯುದ್ದಕ್ಕೂ ಬೈಗುಳ ಜೋಡಿಸಿಕೊಂಡು ಹೋದವಳು ಅವರನ್ನು ಕಂಡ ಕೂಡಲೇ ಅಭ್ಯಾಸಬಲದಿಂದ ಕಾಲು ಮುಟ್ಟಿದೆ. ನನ್ನ ಮೇಲೆ ನನಗೇ ಅಸಹ್ಯವಾಯಿತು.

"ಬಾಮ್ಮ, ಬಾ. ಹೇಗಿದಾರೆ ನಮ್ ಹೀರೋ?" ಎಂದರು.

"ಅಪ್ಪನ ಕೆಲಸ ಕೆಟ್ಟೋಯ್ತು ಸಾರ್" ಎಂದು ದಟ್ಟಗಳ್ಳಿಯ ಮನೆಯ ವಿಷಯ ಹೇಳಿದೆ. ಅವರು ಕಣ್ಣು ಮುಚ್ಚಿ ಕೇಳಿದರು. ಮುಗಿದ ಮೇಲೆ ನಿಜಕ್ಕೂ ನೊಂದುಕೊಂಡವರ ಹಾಗೆ ನಿಟ್ಟುಸಿರು ಬಿಟ್ಟರು.

"ಜನ ಹಾಗೆ ಕಣಮ್ಮ. ಆದ್ರೆ ನೀನೇ ಯೋಚನೆ ಮಾಡು, ಅಳಿಸೋ ಹಾಗೆ ಬರೆದಿದ್ರೆ ಯಾರು ನೋಡ್ತಿದ್ರು? ನಗಿಸಿದ್ದಕ್ಕೆ ನಿಮ್ಮಪ್ಪ ಮನೆಮನೆಗೂ ಹೋದ. ನೀನು ಹೇಳಿದ್ದು ಅಂತ ನಾನು ಒಂದು ಕಡೆನೂ ಬಾಯಿಬಿಟ್ಟಿಲ್ಲ. ನಿನ್ನ ಮೇಲೆ ಮಾತು ಬರಬಾರದು ಅಂತ್ಲೇ."

"ನಾಯಿ ಬಟ್ಟಲು ನಾನು ಬರೆದಿರಲಿಲ್ಲ ಸಾರ್."

"ಅದು ಆ ಮನೆಯವರ ಮೇಲಿನ ವ್ಯಂಗ್ಯ. ಕೊಟ್ಟೋರ ಸಣ್ಣತನ ತೋರಿಸೋದಕ್ಕೆ."

"ಹಂಗಾದ್ರೆ ನಗು ಯಾವಾಗ ಬಂತು ಸಾರ್? ಅವರು ಕೊಟ್ಟಾಗ ಬರ್ಲಿಲ್ಲ, ಇವನು ಕುಡಿದಾಗ ಬಂತು."

ಮೇಷ್ಟ್ರು ಮತ್ತೆ ಕಣ್ಣು ಮುಚ್ಚಿ ತಲೆ ಸ್ವಲ್ಪ ವಾಲಿಸಿದರು. ಗೆದ್ದೆ ಎಂದುಕೊಂಡೆ. ಆಗ ಅವರ ಬಲಗೈ ಕಡೆ ಕಣ್ಣು ಹೋಯಿತು. ಹೆಬ್ಬೆರಳು ಗೆಣ್ಣಿನಿಂದ ಗೆಣ್ಣಿಗೆ ಸರಿಯುತ್ತಿತ್ತು. ಇಷ್ಟು ವರ್ಷ ಜಪ ಎಂದುಕೊಂಡಿದ್ದೆನಲ್ಲ, ಅವರು ನನ್ನ ಮಾತನ್ನು ಮರೆಯದ ಹಾಗೆ ಎಣಿಸಿ ಇಟ್ಟುಕೊಳ್ಳುತ್ತಿದ್ದರು. ನೋಟ್‌ಬುಕ್ ವಾಪಸ್ ಕೊಡಿ ಎಂದೆ. ಅದು ಬೆಂಗಳೂರಿನಲ್ಲಿ, ಧಾರಾವಾಹಿಯವರ ಆಫೀಸಿನಲ್ಲಿದೆ ಎಂದರು.

ಎರಡು ವಾರದ ಮೇಲೆ ಫಿನಾಯ್ಲಪ್ಪನ ಹೆಂಡತಿ ಸೊಂಟಕ್ಕೆ ಕೈಯಿಟ್ಟುಕೊಂಡು, "ಅವ್ರು ಕೊಟ್ಟಾಗ ಯಾರೂ ನಗ್ಲಿಲ್ಲ, ನೀನ್ ಕುಡಿದಾಗ ಎಲ್ಲಾ ನಕ್ರಲ್ಲೋ!" ಎಂದಳು. ಅದಕ್ಕೂ ನಗು ಬಂತು. ಬೈಯಲು ಹೋದವಳ ಬಾಯಿಂದಲೂ ಒಂದು ಡೈಲಾಗು ಕಿತ್ತುಕೊಂಡಿದ್ದರು. ಅವತ್ತಿನಿಂದ ನಾನು ಅವರ ಮನೆಯ ಮೆಟ್ಟಿಲು ತುಳಿಯಲಿಲ್ಲ. ಎಲ್ಲಾದರೂ ಎದುರು ಸಿಕ್ಕರೆ ಅವರೇ ಮೊಪೆಡ್ ನಿಲ್ಲಿಸಿ "ಚೆನ್ನಾಗಿದೀಯೇನಮ್ಮ?" ಎನ್ನುತ್ತಿದ್ದರು. ಚೆನ್ನಾಗಿದ್ದೇನೆ ಎಂದು ಹೇಳಿ ಮುಂದೆ ಹೋಗುತ್ತಿದ್ದೆ. ಅವರ ಮುಖದಲ್ಲಿ ತಪ್ಪಿತಸ್ಥನ ಕಳೆ ಒಂದು ದಿನವೂ ಕಾಣಲಿಲ್ಲ. ತಾವು ಏನನ್ನೋ ಕದ್ದೆವು ಎಂದು ಅವರಿಗೆ ಅನ್ನಿಸಿಯೇ ಇರಲಿಲ್ಲ ಎಂದು ಈಗ ನನಗೆ ತೋರುತ್ತದೆ, ಆ ಬಗ್ಗೆ ನನ್ನ ಸಿಟ್ಟು ಇವತ್ತಿಗೂ ಆರಿಲ್ಲ.

ಅಪ್ಪ ಆ ಕೆಲಸ ಬಿಟ್ಟ. ಕರೆದವರಿಗೆಲ್ಲ ಬೆನ್ನುನೋವು ಎಂದು ಹೇಳಿ ಕಳಿಸಿದ. "ಕಾಫಿ ಕೇಳುದ್ರೆ ನಗ್ತಾರೆ, ಕೇಳ್ದೆ ಓದ್ರೆ ಯಾರೂ ಒಳೀಕ್ ಬರಾಕಿಲ್ಲ. ಆಮ್ಯಾಕೆ ನಾನ್ ತೊಳ್ದು ಏನ್ ಬಂತು?" ಎಂದು ಒಮ್ಮೆ ಅವ್ವನಿಗೆ ಹೇಳಿದ್ದು ಕೇಳಿಸಿತು. ಮತ್ತೆ ಬರೀ ಸುಣ್ಣಬಣ್ಣದ ಕೆಲಸಕ್ಕೆ ನಿಂತ. ಅದರಲ್ಲಿ ಅವನು ಎಲ್ಲರಂಥವನೇ ಒಬ್ಬ. ಇನ್ನೊಂದರಲ್ಲಿ ಅವನಂಥವನು ಮೈಸೂರಿನಲ್ಲಿ ಇನ್ನೊಬ್ಬನಿರಲಿಲ್ಲ.

ಹೋದ ತಿಂಗಳು ಮೇಷ್ಟ್ರು ತೀರಿಕೊಂಡರು. ಸುದ್ದಿ ತಿಳಿದಾಗ ನಾನು ಅತ್ತೆ. ಬೇಕಂತಲೇ ಅಳಲಿಲ್ಲ, ತಾನಾಗಿ ಬಂತು. ಅತ್ತದ್ದಕ್ಕೂ ಸಿಟ್ಟು ಬಂತು. ಅಪ್ಪ ಹೂವಿನ ಹಾರ ತೆಗೆದುಕೊಂಡು ಹೋಗಿ ಮುಖ ನೋಡಿ ಬಂದ. "ದೊಡ್ ಮನ್ಸ. ನಿನ್ ಓದುಸ್ದೋರು" ಎಂದ.

ಇಷ್ಟನ್ನು ಇವತ್ತು ಮಧ್ಯಾಹ್ನ ಟೈಪು ಮಾಡಿದೆ. ಸಂಪಾದಕರು ಹಾಕುತ್ತಾರೋ ಬಿಡುತ್ತಾರೋ ಅವರಿಗೆ ಬಿಟ್ಟದ್ದು. ಆದರೆ ಇದು ಅಪ್ಪನ ವಿಷಯ. ಈ ಸಲವಾದರೂ ಅವನನ್ನು ಕೇಳಿಯೇ ಅಚ್ಚಿಗೆ ಕೊಡಬೇಕು ಎಂದು ಪ್ರಿಂಟ್ ತೆಗೆದುಕೊಂಡು ಸಂಜೆ ಮನೆಗೆ ಹೋದೆ. ಜಗುಲಿಯ ಮೇಲೆ ಕೂರಿಸಿ ಓದಿದೆ. ಗೋಕುಲಂನ ಮನೆಯೊಡತಿ ಮೂಲೆ ತೋರಿಸಿದ ಕಡೆ ಅಪ್ಪ ತಲೆಯಾಡಿಸಿ ನಕ್ಕ. "ನಂಗೊತ್ತಿಲ್ಲ ಅಪ್ಪ" ಎಂದು ನಾನು ಸುಳ್ಳು ಹೇಳಿದ ಜಾಗ ಬಂತು. ಅದನ್ನೂ ನಿಲ್ಲಿಸದೆ ಓದಿದೆ.

ಓದಿ ಮುಗಿಸಿದಾಗ ಅಪ್ಪ ನನ್ನ ಕಡೆ ತಿರುಗಿದ.

"ಅಂಗಾರೆ ನೀನೇ ಏಳುದ್ದಾ?"

"ಹೂಂ ಅಪ್ಪ."

"ಯಾಕೇಳ್ದವ್ವ?"

"ಅವರು ಕೇಳುದ್ರು. ಅದುವರ್ಗೂ ನಮ್ ಮನೆ ವಿಷಯ ಯಾರೂ ಕೇಳಿರ್ಲಿಲ್ವಲ್ಲ ಅಪ್ಪ."

ಅವನು ತಲೆಯಾಡಿಸಿದ. ನನ್ನ ತಲೆಯ ಮೇಲೆ ಕೈಯಿಟ್ಟ. "ಬುಡು. ನಾನೂ ಅಷ್ಟೇಯ. ನಿಮ್ಮವ್ವನೂ ಒಂದಿನ ಕೇಳ್ದೋಳಲ್ಲ. ನೀನ್ ಕೇಳ್ದಲ್ಲ ಅಂತ ಏಳ್ದೆ. ಆ ದಿನ್ಗೊಳು ಸಂದಾಗಿದ್ವು ಕಣ್ ಮಗ. ನೀನ್ ಕೇಳಾದು, ನಾನ್ ಏಳಾದು. ಅಷ್ಟಾರ ಸಿಕ್ತಲ್ಲ ನಂಗೆ. ಆಕು, ಅಚ್ಚಾಕು."

ನಾನು ಕಾಗದ ಮಡಿಸಿಟ್ಟೆ. ಮೇಷ್ಟ್ರು ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಡುತ್ತಿದ್ದ ವಿಷಯ ಇರುವ ಭಾಗವನ್ನು ಬಿಟ್ಟು ಓದಿದ್ದೆ. ಅಪ್ಪನಿಗೆ ಓದಲು ಬರುವುದಿಲ್ಲ. ಆ ಧೈರ್ಯದ ಮೇಲೆಯೇ ಅದನ್ನು ಅಳಿಸದೆ, ಪೂರ್ತಿ ಮೂರು ಪುಟವನ್ನೂ ಅಚ್ಚಿಗೆ ಕೊಡುತ್ತಿದ್ದೇನೆ.